ಶಿವಪುತ್ರಪ್ಪನವರ ಖಾಲಿ ಕರಡಿಗೆ

ನಾಗವ್ವನ ಬಾಯಿ ಬೊಂಬಾಯಿ ಎಂದು ಪುಣೆಯ ಭವಾನಿ ಪೇಠೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೂ ಒಂದೇ ಒಂದು ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದೇನೆ. ಅದನ್ನು ಕೇಳಿ ನೋಯಬೇಕಾದವರು ಈಗ ಯಾರೂ ಉಳಿದಿಲ್ಲ. ಹಾಗಾಗಿ ಶಿವಪುತ್ರಪ್ಪನವರ ಸಂಗತಿ ಹೇಳುತ್ತೇನೆ.

ಅವರು ಬಂದದ್ದು ಸಾವಿರದ ಒಂಬೈನೂರ ಮೂವತ್ತೇಳರ ದೀಪಾವಳಿ ಮುಗಿದ ವಾರ. ನಮ್ಮ ಬೆಲ್ಲದ ಅಂಗಡಿಯ ಹಿಂದೆ ಒಂದು ದೊಡ್ಡ ಕೋಣೆಯಿತ್ತು. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲಿನ ಅಂಗಡಿಗಳಲ್ಲಿ ಗುಮಾಸ್ತರಾಗಿದ್ದ ಹನ್ನೆರಡು ಲಿಂಗಾಯತ ಹುಡುಗರು ಅದರಲ್ಲಿ ಇರುತ್ತಿದ್ದರು. ಅವರಿಗೆ ರೊಟ್ಟಿ ಬಡಿದು ಹಾಕುವವಳು ನಾನು. ಊರು ಬಿಟ್ಟ ಹುಡುಗರು ಪೂಜೆ ಮರೆತು ಹಾಡು-ಕುಣಿತದ ತಮಾಶಾ ಥೇಟರಿನ ದಾರಿ ಹಿಡಿದಿದ್ದಾರೆ ಎಂದು ನಮ್ಮ ಮನೆಯವರು ಬೆಳಗಾವಿ ಸೀಮೆಯ ಒಂದು ಮಠಕ್ಕೆ ಕಾಗದ ಬರೆದರು. ಹುಡುಗರಿಗೆ ಧರ್ಮ ಹೇಳಿಕೊಡಲು ಮಠದವರು ಒಂದು ವರ್ಷದ ಮಟ್ಟಿಗೆ ಇವರನ್ನು ಕಳಿಸಿದರು.

ಇಪ್ಪತ್ನಾಲ್ಕು ವಯಸ್ಸು, ಕಡ್ಡಿಯಂಥ ಮೈ. ನೋಡಿದವಳೇ ಎದುರಿಗೇ ಅಂದುಬಿಟ್ಟೆ, "ಅಯ್ಯ ಶಿವನ! ಗುರುಗಳನ್ನ ಕಳಸ್ರಿ ಅಂದ್ರ ಕೂಸನ್ನ ಕಳಿಸ್ಯಾರಲ್ಲ!"

"ಪೂಜಾ ಮುಗಿಸಿ ಬರ್ತೀನ್ರಿ ಅವ್ವಾರ," ಎಂದು ನಕ್ಕರು. "ಆಮ್ಯಾಲೆ ಕೂಸಿಗೆ ಒಂದು ರೊಟ್ಟಿ ಕೊಟ್ಟು ಎಷ್ಟರೆ ಬೈರಿ."

ಹುಡುಗರನ್ನು ಅವರು ಬೈದು ತಿದ್ದಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ತಮಾಶಾಕ್ಕೆ ಹೋದವರನ್ನು ಹುಡುಕಿಕೊಂಡು ತಾವೂ ಒಳಗೆ ಹೋಗಿ, ಅವರ ಪಕ್ಕದಲ್ಲೇ ಕೂತು, ಆಟ ಮುಗಿಯುವವರೆಗೂ ನೋಡಿದರಂತೆ. ಹೊರಗೆ ಬಂದು, "ಢೋಲಕಿ ಭಾಳ ಛಲೋ ಬಾರಿಸಿದ. ನಡೀರಿ, ಪೂಜಾದ ಹೊತ್ತಾತು," ಅಂದರಂತೆ. ಹುಡುಗರು ನಾಚಿ ಸತ್ತರು. ಅಂದಿನಿಂದ ಸಂಜೆ ವಚನ ಹೇಳಿಕೊಳ್ಳಲು ಹನ್ನೆರಡೂ ಮಂದಿ ಕೂಡುವಂತಾಯಿತು.

ಎಲ್ಲರಿಗಿಂತ ಹೆಚ್ಚು ಬದಲಾದವನು ಬಾಳು. ಬೈಲಹೊಂಗಲದ ಕಡೆಯ ತಾಯಿಯಿಲ್ಲದ ಹುಡುಗ, ಹದಿನೆಂಟು ವಯಸ್ಸು, ಅರಿವೆ ಅಂಗಡಿಯಲ್ಲಿ ಕೆಲಸ. ಮೊದಲು ತಮಾಶಾದ ಮುಂದಾಳು ಅವನೇ. ಆರು ತಿಂಗಳಲ್ಲಿ ಎಂಥ ನಿಷ್ಠಾವಂತನಾದನೆಂದರೆ, ಪೂಜೆಯಾಗದೆ ಗುಟುಕು ನೀರೂ ಮುಟ್ಟುತ್ತಿರಲಿಲ್ಲ. ನಮ್ಮಲ್ಲಿ ಗುರು ಕೊಟ್ಟ ಇಷ್ಟಲಿಂಗ ಸಾಯುವವರೆಗೂ ಮೈಮೇಲಿರಬೇಕು. ದಿನವೂ ಎಡಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಊಟ. ನೋಡಲು ಎಲ್ಲ ಒಂದೇ ಥರ ಇದ್ದರೂ ಒಬ್ಬರ ಲಿಂಗವನ್ನು ಇನ್ನೊಬ್ಬರು ಕಟ್ಟಿಕೊಳ್ಳುವ ಮಾತೇ ಇಲ್ಲ.

ಆಷಾಢದಲ್ಲಿ ಮುಠಾ ನದಿ ತುಂಬಿ ಹರಿಯುತ್ತಿದ್ದಾಗ ಬಾಳು ಸ್ನಾನಕ್ಕೆ ಇಳಿದ. ಕೊರಳಿನ ಶಿವದಾರ ಕಡಿದು, ಲಿಂಗ ಹೊಳೆಯ ಪಾಲಾಯಿತು. ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಅನ್ನವಿಲ್ಲ, ನೀರಿಲ್ಲ.

"ಮಠದಿಂದ ಹೊಸಾದು ತರಸೂಣು," ಎಂದು ಶಿವಪುತ್ರಪ್ಪನವರು ಅಂಗಲಾಚಿದರು.

"ಬ್ಯಾಡ್ರಿ. ನಂದ ಸಿಗಬೇಕು, ಇಲ್ಲಾ ನಾ ಹೋಗಬೇಕು," ಅಂದ ಅವನು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಖರೆ ಭಕ್ತ ಅಂದ್ರ ಇವನ ನೋಡ್ರಿ," ಎಂದು ಹೊಗಳಿದರು. ನನಗೆ ಮೈ ಉರಿದುಹೋಯಿತು. "ಹಡದಿದ್ರ ಗೊತ್ತಾಗತಿತ್ತು ನಿಮಗ!" ಎಂದು ಚೀರಿದೆ. ಮೂರನೆಯ ದಿನಕ್ಕೆ ಹುಡುಗನ ತುಟಿ ಒಡೆದು ರಕ್ತ ಬರುತ್ತಿತ್ತು, ಕಣ್ಣು ಒಳಗೆ ಹೋಗಿದ್ದವು.

ಅಂದು ಬೆಳಿಗ್ಗೆ ನಾನು ಹಿತ್ತಲಿನಲ್ಲಿ ನೀರು ಕಾಯಿಸುತ್ತಿದ್ದೆ. ಹೊಳೆಗೆ ಹೋಗಿದ್ದ ಶಿವಪುತ್ರಪ್ಪನವರು ತೊಯ್ದ ಮೈಯಲ್ಲಿ ಬಂದರು. ನನ್ನನ್ನು ನೋಡಲಿಲ್ಲ. ಕೊರಳಿನ ಬೆಳ್ಳಿ ಕರಡಿಗೆ ತೆರೆದು, ತಮ್ಮ ಲಿಂಗವನ್ನು ಹೊರತೆಗೆದು ಕಣ್ಣಿಗೊತ್ತಿಕೊಂಡರು. ಅದಕ್ಕೆ ಹೊಳೆಯ ರಾಡಿ ಸವರಿ ಒಂದು ಅರಿವೆಯಲ್ಲಿ ಸುತ್ತಿದರು. ನನ್ನ ಕೈಯೊಳಗಿನ ತಂಬಿಗೆ ಬಿತ್ತು.

ಅವರು ತಿರುಗಿದರು. ಕೈ ಮುಗಿದರು. "ಅವ್ವಾರ, ಇದು ನಿಮ್ಮ ಬಾಯಿಂದ ಹೊರಗ ಬೀಳಬಾರದು. ಇದು ತನ್ನದಲ್ಲ ಅಂತ ಗೊತ್ತಾದ್ರ ಅಂವ ಮತ್ತ ಉಣ್ಣಾಂಗಿಲ್ಲ."

"ನಿಮ್ಮ ಗತಿ ಏನ್ರಿ?"

"ಅವನಿಗೆ ಈ ನಿಷ್ಠಾ ಕಲಿಸಿದವ ನಾನ. ನನ್ನ ಪಾಠದಿಂದ ಹುಡುಗ ಸಾಯಬೇಕೇನ್ರಿ? ವರ್ಷ ಮುಗಿಸಿ ಮಠಕ್ಕ ಹೋಗಿ ಗುರುಗಳ ಕಾಲಿಗೆ ಬೀಳ್ತೀನಿ. ಅವರು ಏನ ಅಂತಾರ ಅದು."

ಒಳಗೆ ಹೋಗಿ, "ಬಾಳು, ಸಿಕ್ತಪಾ! ಉಸುಕಿನ್ಯಾಗ ಸಿಕ್ಕಿತ್ತು," ಅಂದರು. ಹುಡುಗ ಅದನ್ನು ಎದೆಗವಚಿಕೊಂಡು ಗಳಗಳನೆ ಅತ್ತ. ಪೂಜೆ ಮಾಡಿ ನನ್ನ ಕಡೆ ನೋಡಿ ನೀರು ಕೇಳಿದ.

ಅಂದಿನಿಂದ ಶಿವಪುತ್ರಪ್ಪನವರು ದಿನಕ್ಕೆ ಒಂದೇ ಹೊತ್ತು ಉಂಡರು, ಅದೂ ಒಂದೇ ರೊಟ್ಟಿ. ಬಾಗಿಲು ಮುಚ್ಚಿಕೊಂಡು ಒಬ್ಬರೇ ಧ್ಯಾನಕ್ಕೆ ಕೂಡುತ್ತಿದ್ದರು. ಗುರುಗಳ ವ್ರತ ಎಂದು ಹುಡುಗರು ಭಾವಿಸಿದರು. ಇಷ್ಟಾದರೂ ಅವರಿಗೆ ಪುಣೆ ಬಿಡಲು ಮನಸ್ಸಿರಲಿಲ್ಲ. ಹುಟ್ಟಿದಾಗಿನಿಂದ ಮಠದಲ್ಲೇ ಬೆಳೆದವರು. "ಮನಿ ಅಂದ್ರ ಏನಂತ ಇಲ್ಲಿ ಗೊತ್ತಾತ್ರಿ," ಎಂದು ಒಮ್ಮೆ ನನ್ನೆದುರಿಗೆ ಅಂದಿದ್ದರು. ಇನ್ನೂ ಕೆಲವು ವರ್ಷ ಅವರನ್ನು ಇಲ್ಲೇ ಇರಿಸಿಕೊಳ್ಳಬೇಕು ಎಂದು ಪೇಠೆಯ ನಮ್ಮ ಹಿರಿಯರೂ ಮಾತಾಡಿಕೊಂಡಿದ್ದರು. ಬೀಳ್ಕೊಡುವ ದಿನ ಶಾಲು ಹೊದಿಸಿ, ಮಠಕ್ಕೆ ಹೋಗಿ ಮರಳಿ ಬನ್ನಿ ಎಂದು ಕೇಳುವುದೆಂದು ನಿಶ್ಚಯವಾಯಿತು. ಅದನ್ನು ಕೇಳಿ ಅವರ ಮುಖ ಅರಳಿದ್ದನ್ನು ನಾನೇ ನೋಡಿದೆ.

ಆದರೆ ಶಾಲು ಹೊದಿಸುವ ಮೊದಲು ಎಲ್ಲರೂ ಒಟ್ಟಿಗೆ ಪೂಜೆಗೆ ಕೂಡಬೇಕು, ಗುರುಗಳು ಮುಂದೆ ಕೂತು ಎಲ್ಲರಿಗೂ ಕಾಣುವಂತೆ ಲಿಂಗವನ್ನು ಅಂಗೈಯಲ್ಲಿಡಬೇಕು ಎಂದು ನಮ್ಮ ಮನೆಯವರು ಹಟ ಹಿಡಿದರು.

"ಪೂಜಾ ಒಬ್ಬನ ಮಾಡ್ತೀನಿ ಅಂತ ಹೇಳ್ರಿ," ಅಂದೆ ಶಿವಪುತ್ರಪ್ಪನವರಿಗೆ.

"ಹೇಳಿದ್ನಿರಿ. ಎಲ್ಲಾರ ಮುಂದನ ಆಗಬೇಕು ಅಂದ್ರು."

"ಹಂಗಾದ್ರ ಒಂದು ಕಲ್ಲು ಇಟ್ಕೊಳ್ರಿ! ಯಾರ್ ನೋಡ್ತಾರ?"

ಅವರು ತಲೆ ಅಲ್ಲಾಡಿಸಿದರು. "ಹುಡುಗನ್ನ ಉಳಸಾಕ ಒಂದು ಸುಳ್ಳು ಹೇಳೀನಿ. ನನ್ನ ಉಳಿಸಿಕೊಳ್ಳಾಕ ಇನ್ನೊಂದು ಆಗಾಂಗಿಲ್ರಿ ಅವ್ವಾರ."

ಆ ದಿನ ಕೋಣೆ ತುಂಬಿತ್ತು. ಹನ್ನೆರಡೂ ಹುಡುಗರು ವಿಭೂತಿ ಹಚ್ಚಿಕೊಂಡು ಕೂತಿದ್ದರು. ಎಲ್ಲರ ಎಡಗೈ ಮುಂದೆ ಬಂತು. ಶಿವಪುತ್ರಪ್ಪನವರ ಕೈ ಮಾತ್ರ ತೊಡೆಯ ಮೇಲೇ ಇತ್ತು.

"ಲಿಂಗ ತಗೀರಿ ಗುರುಗಳ," ಎಂದರು ನಮ್ಮ ಮನೆಯವರು.

"ಇಲ್ರಿ."

"ಇಲ್ಲಂದ್ರ?"

"ನನ್ನ ಹಂತ್ಯಾಕ ಲಿಂಗ ಇಲ್ರಿ. ಆಷಾಢದಿಂದ ಇಲ್ಲ. ತಪ್ಪು ನಂದ." ಕರಡಿಗೆ ತೆರೆದು ತೋರಿಸಿದರು. ಖಾಲಿ.

ಕೋಣೆಯಲ್ಲಿ ಗದ್ದಲವೆದ್ದಿತು. "ನಾಕು ತಿಂಗಳು ಲಿಂಗ ಇಲ್ಲದ ನಮ್ಮ ಮನ್ಯಾಗ ಉಂಡು, ನಮ್ಮ ಹುಡುಗರಿಗೆ ಧರ್ಮ ಹೇಳಿದಿ? ಉಂಡ ಮನೀ ಜಂತಿ ಎಣಿಸಿದಿ!" ಎಂದು ನಮ್ಮ ಮನೆಯವರು ಗುಡುಗಿದರು. ಒಂದೇ ಗಳಿಗೆಯಲ್ಲಿ ಗುರುಗಳು ಹೋಗಿ ಏಕವಚನ ಬಂದಿತ್ತು. ನಾನು ಹೇಳಿಬಿಡಲು ಬಾಯಿ ತೆರೆದೆ. ಶಿವಪುತ್ರಪ್ಪನವರು ನನ್ನನ್ನೇ ನೋಡಿದರು. ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಆಗ ಬಾಳು ಎದ್ದು ನಿಂತ. ಅವನ ಎಡಗೈಯಲ್ಲಿ ಲಿಂಗವಿತ್ತು.

"ನಂದು ಕಳದಾಗ ನಾ ಮೂರು ದಿನ ನೀರು ಮುಟ್ಟಲಿಲ್ರಿ," ಅಂದ. "ನೀವು ನಾಕು ತಿಂಗಳು ಉಂಡ್ರಿ. ನಿಮ್ಮನ್ನ ನಾ ಅಪ್ಪಾ ಅಂತ ತಿಳಿದಿದ್ನಿ. ಇನ್ನ ನಿಮ್ಮ ಮುಖಾ ನೋಡಾಂಗಿಲ್ಲ."

ಶಿವಪುತ್ರಪ್ಪನವರು ತಲೆ ತಗ್ಗಿಸಿ, "ಖರೆ ಅದ ಬಾಳು," ಅಂದರು. ಅಷ್ಟೇ.

ಶಾಲು ಪೆಟ್ಟಿಗೆಯಲ್ಲೇ ಉಳಿಯಿತು. ಮಧ್ಯಾಹ್ನದ ರೈಲಿಗೆ ಅವರು ಹೊರಟಾಗ ಟಾಂಗಾದವರೆಗೂ ಒಬ್ಬ ಹುಡುಗನೂ ಬರಲಿಲ್ಲ. ಯಾರು ಏನಾದರೂ ಅನ್ನಲಿ ಎಂದು ನಾನು ಬುತ್ತಿ ಕಟ್ಟಿಕೊಂಡು ಓಣಿಯ ತುದಿಗೆ ಓಡಿದೆ. ಬೈಯಬೇಕೆಂದಿದ್ದೆ, ಅಳು ಬಂತು.

"ನನ್ನ ಬಾಯಿ ಯಾಕ ಕಟ್ಟಿದ್ರಿ?" ಅಂದೆ. "ಒಂದು ಮಾತು ಹೇಳಿದ್ರ ಎಲ್ಲಾರೂ ನಿಮ್ಮ ಕಾಲಿಗೆ ಬೀಳ್ತಿದ್ರು."

ಅವರು "ಬಾಳು ಉಂಡನೇನ್ರಿ?" ಎಂದು ಕೇಳಿದರು.

"ಇಲ್ರಿ. ಮೂಲ್ಯಾಗ ಕೂತು ಅಳಾಕ ಹತ್ಯಾನ. ಪೂಜಾನೂ ಮಾಡಿಲ್ಲ."

ಬುತ್ತಿಯನ್ನು ನನ್ನ ಕೈಗೇ ಮರಳಿ ಕೊಟ್ಟರು. "ಮಠಾ ಮುಟ್ಟೂತನಾ ನಾ ಉಣ್ಣಾಂಗಿಲ್ಲ. ಇದನ್ನ ಅವನಿಗೆ ಹಾಕ್ರಿ. ಲಗೂ ಹೋಗ್ರಿ ಅವ್ವಾರ."

ಟಾಂಗಾ ಹೋಯಿತು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಕಾಗದವೂ ಬರಲಿಲ್ಲ.

ಮನೆಗೆ ಬಂದು ಬಾಳುವಿನ ಮುಂದೆ ಬುತ್ತಿ ಬಿಚ್ಚಿದೆ. ಅವನು ಕಣ್ಣೊರೆಸಿಕೊಂಡು, ಆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂತ. ಕೈಯಲ್ಲಿ ರೊಟ್ಟಿ ಹಿಡಿದುಕೊಂಡು, ಪೂಜೆ ಮುಗಿಯುವವರೆಗೂ ನಾನು ನಿಂತೇ ಇದ್ದೆ.