ಶೇವಂತತ್ತಿಯ ಕೈ ಮತ್ತು ನನ್ನ ನರಕೋಶದ ಪಾಠ

ಮೊನ್ನೆ ಹೆಂಡತಿ ಶೇಂಗಾ ಚಿಕ್ಕಿಗೆ ಬೆಲ್ಲದ ಪಾಕ ಇಟ್ಟಿದ್ದಳು. ‘ಹದಾ ನೋಡ್ರಿ ಒಂಚೂರು’ ಎಂದು ಹೇಳಿ ಹಾಲಿನವನ ಕರೆಗೆ ಹೊರಗೆ ಹೋದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾನು, ಚಮಚ ಎದುರಿಗೇ ಇದ್ದರೂ, ಬೆರಳನ್ನೇ ಅದ್ದಿಬಿಟ್ಟೆ. ಅಯ್ಯಯ್ಯೋ! ಕೈ ಯಾವಾಗ ಹಿಂದೆ ಬಂತೋ ನನಗೇ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಬೆರಳು ಬಾಯಲ್ಲಿತ್ತು. ‘ಚಮಚಾ ಏನ್ ಪೂಜಾಕ್ಕ ಇಟ್ಟೇನೇನ್ರಿ?’ ಎಂದು ಅವಳು ಒಳಗೆ ಬಂದು ನಕ್ಕಳು.

ನೀವೂ ನಗಬಹುದು, ಅಡ್ಡಿಯಿಲ್ಲ. ಆದರೆ ಹಾಗೆ ಹಿಂದೆ ಬಂದ ಕೈಯ ಹಿಂದೆ ಎಷ್ಟು ದೊಡ್ಡ ಕೆಲಸ ನಡೆದಿರುತ್ತದೆ ನೋಡಿ. ಚರ್ಮದಲ್ಲಿರುವ ನರದ ತುದಿಗೆ ಬಿಸಿ ತಾಗುತ್ತದೆ. ಕೂದಲಿಗಿಂತ ಸಣ್ಣದಾದ ಆ ತಂತು ತೋಳಿನುದ್ದಕ್ಕೂ ಸುದ್ದಿ ಒಯ್ದು ಬೆನ್ನುಹುರಿಗೆ ಮುಟ್ಟಿಸುತ್ತದೆ. ಬೆನ್ನುಹುರಿ ಮಿದುಳಿನ ಅಪ್ಪಣೆಗೆ ಕಾಯುತ್ತ ಕೂರುವುದಿಲ್ಲ. ಇನ್ನೊಂದು ನರದ ಮೂಲಕ ತೋಳಿನ ಸ್ನಾಯುವಿಗೆ ‘ಎಳಿ’ ಎಂದುಬಿಡುತ್ತದೆ. ಮಿದುಳಿಗೆ ಸುದ್ದಿ ತಲುಪುವುದು ಆಮೇಲೆ. ಈ ಪಾಠವನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ! ನಕ್ಷತ್ರದಂಥ ನರಕೋಶ, ಅದಕ್ಕೊಂದು ಉದ್ದ ಬಾಲ, ಬಾಲದ ಮೇಲೆ ಪೊರೆ. ನನ್ನ ಚಿತ್ರ ಬಹಳ ಚಂದ ಬರುತ್ತಿತ್ತು. ತಿಳಿವಳಿಕೆ ಅಷ್ಟು ಚಂದ ಇರಲಿಲ್ಲ ಎಂಬುದನ್ನು ನನಗೆ ತೋರಿಸಿಕೊಟ್ಟವಳು ಶೇವಂತತ್ತಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ರಾಯಬಾಗದಲ್ಲಿ ಹೊಸದಾಗಿ ಮಾಸ್ತರಿಕೆ ಸಿಕ್ಕಿತ್ತು. ದಿಗ್ಗೇವಾಡಿಯಲ್ಲಿ ಸೋದರಮಾವನ ಮನೆಯಲ್ಲಿ ಇದ್ದುಕೊಂಡು ಬಸ್ಸಿಗೆ ಓಡಾಡುತ್ತಿದ್ದೆ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಆ ಬಸ್ಸು ತೆವಳುತ್ತಿತ್ತು. ಶಾಲೆಗೆ ತಡವಾದ ದಿನವೆಲ್ಲ ನಾನು ಕಬ್ಬಿನ ಮೇಲೇ ತಪ್ಪು ಹೊರಿಸುತ್ತಿದ್ದೆ. ಅರ್ಧದಷ್ಟು ದಿನ ಅದು ಖರೆಯೂ ಆಗಿರುತ್ತಿತ್ತು.

ಮಾವನಿಗೆ ಬೆಲ್ಲದ ಗಾಣವಿತ್ತು. ದಮ್ಮಿನ ಕಾಯಿಲೆಯಿಂದ ಅವನಿಗೆ ಹೊಗೆ ಆಗದಂತಾದಾಗ, ಅವನ ಹೆಂಡತಿ ಶೇವಂತತ್ತಿ ಸೆರಗು ಬಿಗಿದುಕೊಂಡು ಕೊಪ್ಪರಿಗೆಯ ಮುಂದೆ ನಿಂತಳು. ಪಾಕದ ಹದ ನೋಡುವುದು ಗಂಡಸರ ಕೆಲಸ ಎಂದು ಮೊದಲು ಊರು ನಕ್ಕಿತು. ‘ನಕ್ಕ್ ಮುಗದ ಮ್ಯಾಲೆ ಕಬ್ಬ ತರ್ರಿ’ ಎಂದಳಂತೆ ಅತ್ತಿ. ಎರಡೇ ಹಂಗಾಮಿನಲ್ಲಿ ಪೇಟೆಯವರು ಅವಳು ತೆಗೆದ ಬೆಲ್ಲದ ಪೆಂಟಿಗಳನ್ನೇ ಕೇಳಿಕೊಂಡು ಬರುವಂತಾಯಿತು.

ಹದ ನೋಡುವವರು ಕೈಯನ್ನು ಮೊದಲು ತಣ್ಣೀರಿನಲ್ಲಿ ಅದ್ದಿ, ಕುದಿಯುವ ಪಾಕವನ್ನು ಬೆರಳಿಗೆ ಚೂರು ಹತ್ತಿಸಿಕೊಂಡು, ಮತ್ತೆ ನೀರಿಗೆ ಹಾಕಿ ಉಂಡೆ ಕಟ್ಟಿ ನೋಡುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು. ಅತ್ತಿ ಮಾತ್ರ ಬರಬರುತ್ತ ಮೊದಲಿನ ತಣ್ಣೀರನ್ನೇ ಬಿಟ್ಟಳು. ಒಣಗೈಯಿಂದಲೇ ಪಾಕ ತೆಗೆದು, ಮಾತಾಡುತ್ತಲೇ ಉರುಳಿಸುತ್ತಿದ್ದಳು. ‘ಆಕಿ ಕೈಗೆ ಅಗ್ನಿ ಒಲದೈತಿ’ ಎಂದು ಜನ ಕೈಮುಗಿಯುತ್ತಿದ್ದರು. ಗಾಣದ ಪೂಜೆಯ ದಿನ ಅವಳ ಕೈಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ನಾನಾದರೂ ಏನು ಮಾಡಿದೆ? ತರಗತಿಯಲ್ಲಿ ನರದ ಪಾಠ ಹೇಳುತ್ತ, ‘ಅಭ್ಯಾಸದಿಂದ ನರವನ್ನೂ ಗೆಲ್ಲಬಹುದು, ನಮ್ಮ ಅತ್ತಿಯೇ ಸಾಕ್ಷಿ’ ಎಂದು ಎದೆಯುಬ್ಬಿಸಿ ಹೇಳಿದೆ. ಥೂ ನನ್ನ! ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಗಾಣದ ಹತ್ತಿರ ಹೋಗಿದ್ದೆ. ಅತ್ತಿ ಒಲೆಯ ದಂಡೆಗೆ ಕೈಯೂರಿ, ನನ್ನ ಮದುವೆಗೆ ಕರೋಶಿಯ ಕಡೆಯ ಹೆಣ್ಣೊಂದನ್ನು ಬಣ್ಣಿಸುತ್ತಿದ್ದಳು. ನಡುವೆ ಮೂಗು ಅರಳಿಸಿ, ‘ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲೋ ಮಾಸ್ತರ’ ಎಂದಳು. ನಾನು ಕೆಳಗೆ ನೋಡಿದೆ. ಕೆಂಪಗೆ ಕಾದ ಕಬ್ಬಿಣದ ಸಲಾಕೆಯ ಮೇಲೆ ಅವಳ ಕೈಯ ಅಂಚು ಊರಿತ್ತು. ಸುಡುತ್ತಿದ್ದದ್ದು ಅವಳದೇ ಚರ್ಮ. ನಾನೇ ಕೈಹಿಡಿದು ಎಳೆದೆ. ಅವಳು ಆ ಗಾಯವನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

ಮಾರನೆಯ ದಿನ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಅವಳ ಮುಂಗೈಯ ಮಾಸಲು ಮಚ್ಚೆ ನೋಡಿದರು. ಹತ್ತಿಯಿಂದ ಮುಟ್ಟಿ ‘ಗೊತ್ತಾಗ್ತದೇನ್ರಿ?’ ಎಂದರು. ಆಮೇಲೆ ಮೊಳಕೈಯ ಹಿಂದೆ ಬೆರಳಿಟ್ಟು, ನನ್ನ ಬೆರಳನ್ನೂ ಅಲ್ಲಿ ಒತ್ತಿಸಿದರು. ಮೊಳಕೈ ಬಾಗಿಲಿಗೆ ಬಡಿದರೆ ಕರೆಂಟು ಹೊಡೆದಂತಾಗುತ್ತದಲ್ಲ, ಅದೇ ನರ. ಅವಳದು ಹಗ್ಗದ ಹಾಗೆ ದಪ್ಪವಾಗಿತ್ತು. ನಾನು ಬರೆದ ಎಲ್ಲ ಚಿತ್ರಗಳ ನಿಜವಾದ ನರ ಮೊದಲ ಸಲ ನನ್ನ ಬೆರಳಿಗೆ ಸಿಕ್ಕಿದ್ದು ಹಾಗೆ. ರೋಗ ಅದರೊಳಗೆ ಹೊಕ್ಕು ತಂತುಗಳನ್ನು ಕೊಲ್ಲುತ್ತ ಬಂದಿತ್ತು. ಅಗ್ನಿ ಒಲಿದಿರಲಿಲ್ಲ, ಉರಿಯ ಸುದ್ದಿ ಒಯ್ಯುವವರೇ ಸತ್ತಿದ್ದರು.

ಊರಲ್ಲಿ ಈ ರೋಗದ ಹೆಸರು ಎತ್ತುತ್ತಿರಲಿಲ್ಲ. ‘ದೊಡ್ಡ ರೋಗ’ ಎಂದು ದನಿ ತಗ್ಗಿಸುತ್ತಿದ್ದರು. ನಾನು ತಗ್ಗಿಸುವುದಿಲ್ಲ. ಕುಷ್ಠ. ಗುಳಿಗೆ ನುಂಗಿದರೆ ವಾಸಿಯಾಗುವ ಒಂದು ರೋಗ, ಅಷ್ಟೇ. ಔಷಧ ಶುರುವಾದರೆ ಇನ್ನೊಬ್ಬರಿಗೆ ಹರಡುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ಸತ್ತ ನರ ತಿರುಗಿ ಬರುವುದು ಕಷ್ಟ ಎಂದೂ ಹೇಳಿದ್ದರು. ಅದನ್ನು ಬಸ್ಸಿನಲ್ಲಿ ಅತ್ತಿಗೆ ನಾನೇ ಹೇಳಬೇಕಾಯಿತು. ‘ಹೋದ ನರ ಹೋಗ್ಲಿ. ಕಣ್ಣ ಅದಾವಲ್ಲ, ಕಣ್ಣಿಂದ ಹದಾ ನೋಡತೀನಿ’ ಎಂದಳು.

ಮಾವನಿಗೆ ಮರ್ಯಾದೆಯ ಚಿಂತೆ. ‘ಎಲ್ಲೆರೆ ದೂರದ ದವಾಖಾನ್ಯಾಗ ಇಡೂಣು, ಮಂದಿಗೆ ತವರಿಗೆ ಹೋಗ್ಯಾಳ ಅನ್ನೂಣು’ ಎಂದ. ‘ಯಾಕ? ಕಳವ ಮಾಡೇನೇನು?’ ಎಂದಳು ಅತ್ತಿ. ‘ಗುಳಿಗಿ ಇಲ್ಲೇ ನುಂಗತೀನಿ. ಗಾಣಾನೂ ಇಲ್ಲೇ ಐತಿ.’

ಸುದ್ದಿ ಮುಚ್ಚಿಡಲಾಗುವುದೇ? ಮುಂದಿನ ವಾರ ಗಾಣದ ಮುಂದೆ ಜನ ಸೇರಿದರು. ಅವಳ ಕೈಗೆ ಕುಂಕುಮ ಹಚ್ಚಿದವರೇ ಅವರು. ಪಕ್ಕದ ತೋಟದ ಅಪ್ಪಾಸಾಬ ಮುಂದೆ ನಿಂತು, ‘ವೈನಿ, ಸಿಟ್ಟಿಗೇಳಬ್ಯಾಡ್ರಿ. ನೀವು ಕೊಪ್ಪರಿಗಿ ಬಿಟ್ರ ಚಲೋ. ಇಲ್ಲಂದ್ರ ನಮ್ಮ ಕಬ್ಬ ಬ್ಯಾರೆ ಗಾಣಕ್ಕ ಒಯ್ತೀವಿ’ ಎಂದ.

‘ಒಯ್ರಿ’ ಎಂದಳು ಅತ್ತಿ. ‘ಹದಾ ತಪ್ಪಿ ಕರ್‍ರಗಾದ ಬೆಲ್ಲ ತಗೊಂಡ ನನ್ನ ಮುಂದ ಬಂದ ಅಳಬ್ಯಾಡ್ರಿ. ಗುಳಿಗಿ ನುಂಗಾಕತ್ತೇನಿ, ನನ್ನಿಂದ ಯಾರಿಗೂ ಏನೂ ಆಗೂದಿಲ್ಲ. ಬೇಕಾದ್ರ ನಮ್ಮ ಮಾಸ್ತರನ್ನ ಕೇಳ್ರಿ.’ ಅಷ್ಟು ಹೇಳಿ ಹೊಸ ಪೆಂಟಿಯಿಂದ ಒಂದು ಚೂರು ಮುರಿದು, ಬಟ್ಟೆ ಸುತ್ತಿದ ಆ ಕೈಯಿಂದಲೇ ನನ್ನತ್ತ ಚಾಚಿದಳು.

ಈಗ ಬಂತು ನನ್ನ ಗೋಳು. ಎಲ್ಲ ಗೊತ್ತಿತ್ತು ನನಗೆ. ರೋಗ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಪರೀಕ್ಷೆಗೆ ಕೂತರೆ ನೂರಕ್ಕೆ ನೂರು. ಆದರೂ ನನ್ನ ಕೈ ಮೇಲೇಳಲಿಲ್ಲ. ಕ್ಷಣವೋ, ಎರಡು ಕ್ಷಣವೋ. ಇದನ್ನು ಬೆನ್ನುಹುರಿಯ ಮೇಲೆ ಹೊರಿಸಲಾರೆ. ಇದು ಪೂರಾ ನನ್ನ ಮಿದುಳಿನ ಕೆಲಸ. ಆಮೇಲೆ ತೆಗೆದುಕೊಂಡು ತಿಂದೆ. ಜನರಿಗೆ ಆ ತಡ ಕಾಣಲಿಲ್ಲ, ಅತ್ತಿಗೆ ಕಂಡಿತು. ಅವಳು ಕೊಪ್ಪರಿಗೆಯ ಕಡೆಗೆ ತಿರುಗಿದಳು. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಅಪ್ಪಾಸಾಬ ಕಬ್ಬು ಒಯ್ದ. ಇನ್ನೂ ಕೆಲವರು ಒಯ್ದರು. ಆ ಹಂಗಾಮು ಅತ್ತಿ ತಮ್ಮ ಮನೆಯ ಕಬ್ಬನ್ನಷ್ಟೇ ಅರೆಸಿದಳು. ಉದ್ದ ಹಿಡಿಕೆಯ ಸವಟಿನಿಂದ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಹನಿಸಿ, ಅದು ಹೇಗೆ ಗಟ್ಟಿಯಾಗುತ್ತದೆಂದು ಬಗ್ಗಿ ಬಗ್ಗಿ ನೋಡಿ ಹದ ಕಲಿತಳು. ಎರಡು ಕೊಪ್ಪರಿಗೆ ಪಾಕ ಹೊತ್ತಿಸಿದಳು, ಮೂರನೆಯದು ಬಂಗಾರದಂತೆ ಬಂತು. ದಿನಾ ಸಂಜೆ ಕೈಕಾಲನ್ನು ತಿರುಗಿಸಿ ಗಾಯ ಹುಡುಕಿಕೊಳ್ಳುತ್ತಿದ್ದಳು. ನೋವು ಹೇಳಬೇಕಾದ್ದನ್ನು ಕಣ್ಣು ಹೇಳಬೇಕಿತ್ತು. ಎರಡು ವರ್ಷ ಒಂದು ದಿನವೂ ಬಿಡದೆ ಗುಳಿಗೆ ನುಂಗಿದಳು. ರೋಗ ಹೋಯಿತು. ಕಿರುಬೆರಳು, ಉಂಗುರ ಬೆರಳು ಮಡಚಿಕೊಂಡೇ ಉಳಿದವು. ಮುಂದಿನ ಹಂಗಾಮಿಗೆ ಅಪ್ಪಾಸಾಬನ ಬಂಡಿ ಗಾಣದ ಮುಂದೆ ಬಂದು ನಿಂತಾಗ, ‘ಸಾಲಿಗೆ ನಿಲ್ಸು’ ಎಂದಳು, ಅಷ್ಟೇ.

ಈಗ ಅವಳಿಗೆ ಎಂಬತ್ತು ದಾಟಿದೆ. ಬೆರಳು ಸುಟ್ಟುಕೊಂಡ ಮಾರನೆಯ ದಿನವೇ ನಾನು ದಿಗ್ಗೇವಾಡಿಗೆ ಹೋದೆ. ಅವಳ ಮರಿಮೊಮ್ಮಗಳ ಹೆಸರಿಡುವ ಕಾರ್ಯವಿತ್ತು. ಕೂಸು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತ ಬಂತು. ಅತ್ತಿ ಎರಡೂ ಕೈ ಚಾಚಿದಳು. ಕೂಸನ್ನು ಹಿಡಿದಿದ್ದ ಬೀಗರ ಕಡೆಯ ಹುಡುಗಿ ಆ ಬೆರಳುಗಳನ್ನು ನೋಡಿ ಅಲ್ಲೇ ನಿಂತಳು. ಒಂದು ಕ್ಷಣ. ಆ ಕ್ಷಣ ನನಗೆ ಚೆನ್ನಾಗಿ ಪರಿಚಯ. ಅತ್ತಿ ಹುಡುಗಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಮೊಣಕಾಲು ನೋವು ಮರೆತು ಎದ್ದೆ. ಹುಡುಗಿಯ ಕೈಯಿಂದ ಕೂಸನ್ನು ಎತ್ತಿಕೊಂಡು ಅತ್ತಿಯ ಕೈಗಿಟ್ಟು, ಆ ಕೈಗಳನ್ನು ನನ್ನ ಕೈಯೊಳಗೆ ಹಿಡಿದೆ. ಬಿಡಲಿಲ್ಲ. ಎಲ್ಲರೂ ನೋಡಲಿ ಎಂದೇ ಬಿಡಲಿಲ್ಲ.

‘ಮೂವತ್ತ ವರ್ಷ ಹಿಡೀತ ನೋಡ ನಮ್ಮ ಮಾಸ್ತರಗ’ ಎಂದಳು ಅತ್ತಿ ಕೂಸಿಗೆ.