ಆಲ್ಬಮಿನಲ್ಲಿ ಕೆಮ್ಮಿದವರು ಯಾರು

ಬೆಳ್ತಂಗಡಿ ತಾಲೂಕಿನ ಏಕೈಕ ರಾಕ್ ವಿಮರ್ಶಕ ನಾನಾಗಿದ್ದೆ ಎಂದು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ. ಹಾಳೂರಿಗೆ ಉಳಿದವನೇ ಗೌಡ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮೂಡುಬಿದಿರೆಯಲ್ಲಿ ಬಿ.ಎ. ಓದುತ್ತಿದ್ದೆ. ಕಾಲೇಜಿನ ಗೋಡೆಪತ್ರಿಕೆಯಲ್ಲಿ, ಕಳೆದುಹೋದ ಕೊಡೆಗಳ ಪ್ರಕಟಣೆಯ ಪಕ್ಕದಲ್ಲಿ, ‘ಹೊಸ ಆಲ್ಬಮ್’ ಎಂಬ ನನ್ನ ಅಂಕಣ ಬರುತ್ತಿತ್ತು. ಓದುತ್ತಿದ್ದವರು ಕೊಡೆ ಕಳಕೊಂಡವರು ಮಾತ್ರ. ಕೊಡೆ ಸಿಕ್ಕಿದ ಕೂಡಲೇ ಅವರೂ ಓದುವುದನ್ನು ಬಿಡುತ್ತಿದ್ದರು.

ವಿಮರ್ಶೆಗೆ ಆಲ್ಬಮ್ ಬೇಕಲ್ಲ, ಅದು ದುಬೈಯಿಂದ ಬರುತ್ತಿತ್ತು. ಗುರುವಾಯನಕೆರೆಯ ನನ್ನ ಗೆಳೆಯನ ಅಣ್ಣ ಅಲ್ಲಿ ಕೆಲಸಕ್ಕಿದ್ದ. ಅವನ ರೂಮಿನಲ್ಲಿದ್ದ ಗೋವಾದವನೊಬ್ಬನಿಗೆ ಇಂಗ್ಲಿಷ್ ಬ್ಯಾಂಡುಗಳ ಹುಚ್ಚು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಹುಡುಗರು ತಾವೇ ಹೊರತರುವ, ಇಂಡೀ ಎಂದು ಕರೆಯುವ ಆಲ್ಬಮುಗಳೂ ಅವನಲ್ಲಿದ್ದವು. ಅಣ್ಣ ಅವುಗಳನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿ, ಊರಿಗೆ ಬರುವ ಯಾರದಾದರೂ ಪೆಟ್ಟಿಗೆಯಲ್ಲಿ ಸೆಂಟು, ಸಾಬೂನು, ಖರ್ಜೂರಗಳ ನಡುವೆ ತುರುಕಿ ಕಳಿಸುತ್ತಿದ್ದ. ನಮಗೆ ಬಂದ ಆಲ್ಬಮುಗಳು ಹಾಡುವ ಮೊದಲೇ ಘಮಘಮ ಅನ್ನುತ್ತಿದ್ದವು.

ಕೇಳುವುದು ಗೆಳೆಯನ ಮನೆಯ ಜಗಲಿಯಲ್ಲಿ. ಅಲ್ಲಿ ಅವನ ತಾಯಿ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾನೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ. ದುಬೈಯ ದುಡ್ಡು ಬರುವಾಗಲೂ ಬೀಡಿ ಯಾಕೆ ಎಂದರೆ, “ಕೈ ಸುಮ್ಮನೆ ಕೂತರೆ ಬಾಯಿ ಸುಮ್ಮನೆ ಕೂರುವುದಿಲ್ಲ” ಎನ್ನುತ್ತಿದ್ದರು. ಕೈ ದುಡಿಯುವಾಗಲೂ ಅವರ ಬಾಯಿ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ನನ್ನೊಡನೆ ತುಳು, ಮಕ್ಕಳೊಡನೆ ಬ್ಯಾರಿ. ಇಲ್ಲಿ ನಾನು ಅವರನ್ನು ಕನ್ನಡದಲ್ಲಿ ಮಾತಾಡಿಸಿದ್ದೇನೆ, ಖಾರ ಕಡಿಮೆಯಾದರೆ ತಪ್ಪು ನನ್ನದು. ವಿಚಿತ್ರವೆಂದರೆ, ಹಾಡು ಹಿಡಿಸದೆ ನಾವು ಟೇಪನ್ನು ಅರ್ಧಕ್ಕೆ ನಿಲ್ಲಿಸಿದರೆ ಅವರು ಗದರಿಸುತ್ತಿದ್ದರು. ಎರಡೂ ಬದಿ ಪೂರ್ತಿ ಓಡಬೇಕು. ಇಷ್ಟು ರಸಿಕ ತಾಯಿ ಯಾರಿಗುಂಟು ಎಂದು ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ.

ಒಂದು ದಿನ ನನ್ನ ಹೊಸ ವಿಮರ್ಶೆಯನ್ನು ಗೆಳೆಯನಿಗೆ ಗಟ್ಟಿಯಾಗಿ ಓದಿ ಹೇಳಿದೆ. ‘ಮೂರನೆಯ ಹಾಡಿನಲ್ಲಿ ಗಿಟಾರ್ ನಿಂತ ಮೇಲೆ ಬರುವ ಆ ಒಣ ಕೆಮ್ಮು ಆಧುನಿಕ ಮನುಷ್ಯನ ಒಂಟಿತನಕ್ಕೆ ಹಿಡಿದ ಕನ್ನಡಿ. ಆರನೆಯ ಹಾಡಿನ ಉದ್ದಕ್ಕೂ ಕೇಳಿಸುವ ಸೀಟಿಗಳು ಕಾರ್ಖಾನೆ ನಾಗರಿಕತೆಯ ಮೇಲಿನ ಕಟುವಾದ ಟೀಕೆ.’ ಓದಿ ಮುಗಿಸಿ ಉಮ್ಮನ ಕಡೆ ನೋಡಿದೆ, ಮೆಚ್ಚುಗೆ ಬರಬಹುದೆಂದು.

“ಕೆಮ್ಮಿದ್ದು ನನ್ನ ಮಗ” ಎಂದರು ಉಮ್ಮ.

ಆಗ ಗೊತ್ತಾಯಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸುವ ಸೆಟ್ಟು ಆ ರೂಮಿನಲ್ಲಿರಲಿಲ್ಲ. ಗೋವಾದವನ ಸೆಟ್ಟು ಹಾಡುವಾಗ ಅದರ ಎದುರಿಗೆ ಅಣ್ಣ ತನ್ನ ಟೇಪ್‌ರೆಕಾರ್ಡರ್ ಇಟ್ಟು, ಕೆಂಪು ಗುಂಡಿ ಒತ್ತಿ, ಅಡುಗೆಗೆ ಹೋಗುತ್ತಿದ್ದ. ರೂಮಿನಲ್ಲಿ ಆದದ್ದೆಲ್ಲ ಆಲ್ಬಮಿಗೆ ಸೇರುತ್ತಿತ್ತು.

“ಸಣ್ಣದಿರುವಾಗಿಂದ ಹಾಗೆಯೇ, ಎರಡು ಕೆಮ್ಮು, ಆಮೇಲೆ ಮೂಗು ಎಳೆಯುವುದು. ಎಸಿಯ ಅಡಿಯಲ್ಲಿ ಮಲಗಬೇಡ ಅಂತ ಹೇಳಿದ್ದೆ, ಕೇಳಲಿಲ್ಲ” ಎಂದರು ಉಮ್ಮ. “ಮತ್ತೆ ಆ ಸೀಟಿ ಕಾರ್ಖಾನೆಯದ್ದಲ್ಲ, ಕುಕ್ಕರಿನದ್ದು. ಹೋದ ಸಲದ ಕ್ಯಾಸೆಟ್ಟಿನಲ್ಲಿ ಒಂದೇ ಸೀಟಿ ಇತ್ತು, ಬರೀ ಅನ್ನ. ಈ ಸಲ ತುಂಬ ಉಂಟು. ಕಡ್ಲೆ ಬೇಯಿಸಿದ್ದಾನೆ. ಇದು ಒಳ್ಳೆಯ ಕ್ಯಾಸೆಟ್ಟು.”

“ಹಾಗಾದರೆ ಹಾಡು?” ಎಂದೆ.

“ನಾನು ಹಾಡು ಕೇಳುವವಳಲ್ಲ. ನಾನು ಮಗನನ್ನು ಕೇಳುವವಳು.”

ಗೆಳೆಯ ಜಗಲಿಯ ಕಂಬ ಹಿಡಿದುಕೊಂಡು ನಕ್ಕ. ಕಾರ್ಖಾನೆ ನಾಗರಿಕತೆಯನ್ನು ನಾನು ಮಡಚಿ ಜೇಬಿಗೆ ಹಾಕಿಕೊಂಡೆ. ಅಂದಿನಿಂದ ಆ ಮನೆಯಲ್ಲಿ ನನ್ನ ಅಭಿಪ್ರಾಯಕ್ಕೆ ಮೂರು ಕಾಸಿನ ಬೆಲೆಯಿಲ್ಲದೆ ಹೋಯಿತು.

ಬೆಲೆ ಬೇಕಾದ ಹೊತ್ತು ಬಂದದ್ದು ಆಮೇಲೆ. ಅಣ್ಣನಿಗೆ ಪುತ್ತಿಗೆಯ ಒಂದು ಸಂಬಂಧ ಬಂದಿತ್ತು. ಹುಡುಗಿಯ ಫೋಟೋ ದುಬೈಗೆ ಹೋಗಿ, ಅವನು ಒಪ್ಪಿ, ಅದನ್ನು ಪರ್ಸಿನಲ್ಲಿ ಇಟ್ಟುಕೊಂಡೂ ಆಗಿತ್ತು. ರಜೆಗೆ ಬಂದಾಗ ಮದುವೆ ಎಂದು ಮಾತು. ಅಷ್ಟರಲ್ಲಿ ಹೊಸ ಕ್ಯಾಸೆಟ್ಟು ಬಂತು. ಎರಡನೆಯ ಬದಿಯಲ್ಲಿ ಒಂದು ಹಾಡು ಮುಗಿಯುವಾಗ ಡ್ರಮ್ ನಿಂತಿತು, ಗಿಟಾರ್ ನಿಂತಿತು, ಒಬ್ಬಳು ಹೆಣ್ಣು ಕಿಲಕಿಲ ನಕ್ಕಳು. ಅದರ ಬೆನ್ನಿಗೇ ಎರಡು ಕೆಮ್ಮು, ಮೂಗು ಎಳೆದ ಸದ್ದು.

ಉಮ್ಮನ ಕೈಯಲ್ಲಿದ್ದ ಬೀಡಿ ಎಲೆ ಹರಿಯಿತು.

“ಇನ್ನೊಮ್ಮೆ ಹಾಕು” ಎಂದರು. ಹಾಕಿದೆವು. ನಗು, ಕೆಮ್ಮು, ಮೂಗು. “ಆ ರೂಮಿನಲ್ಲಿ ಹೆಣ್ಣು ಯಾರು?”

“ಅದು ಹಾಡಿನಲ್ಲಿರುವುದು ಉಮ್ಮ” ಎಂದ ಗೆಳೆಯ.

“ಕೆಮ್ಮು ಹಾಡಿನದ್ದಲ್ಲ, ಸೀಟಿ ಹಾಡಿನದ್ದಲ್ಲ, ನಗು ಮಾತ್ರ ಹಾಡಿನದ್ದಾ?”

ಉಮ್ಮ ಚಪ್ಪಲಿ ಮೆಟ್ಟಿ ನೇರವಾಗಿ ಪೇಟೆಯ ಟೆಲಿಫೋನ್ ಬೂತಿಗೆ ಹೋದರು. ದುಬೈಯಿಂದ ಅಣ್ಣ ಆಣೆ ಹಾಕಿದ, ಗೋಗರೆದ, ಅದು ಬ್ಯಾಂಡಿನವಳ ನಗು ಎಂದ. ಅಸಲಿ ಕ್ಯಾಸೆಟ್ಟನ್ನು ಕಳಿಸು ಎಂದರೆ, ಗೋವಾದವನು ಕೆಲಸ ಬಿಟ್ಟು ಕ್ಯಾಸೆಟ್ಟುಗಳ ಸಮೇತ ಮಸ್ಕತ್ತಿಗೆ ಹೋಗಿದ್ದಾನೆ ಎಂದ. “ನೋಡು, ಸಾಕ್ಷಿಯೂ ಊರು ಬಿಟ್ಟಿತು” ಎಂದರು ಉಮ್ಮ, ಬೂತಿನಿಂದ ಹೊರಬಂದು. ಬೇರೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಪುತ್ತಿಗೆಯ ಹುಡುಗಿಯನ್ನು ಕಟ್ಟಿ ಅವಳ ಬಾಳು ಹಾಳು ಮಾಡಲಿಕ್ಕೆ ತಾನು ತಯಾರಿಲ್ಲ ಎಂಬುದು ಅವರ ಹಟ. ಮಾತುಕತೆ ನಿಂತಿತು. ಹುಡುಗಿಯ ಸೋದರಮಾವ ವಿಚಾರಿಸಲು ಬಂದಾಗ ಚಹಾ ಕೊಟ್ಟು, ಈ ವರ್ಷದ ಸೆಕೆಯ ಬಗ್ಗೆ ಮಾತಾಡಿ ಕಳಿಸಿದರು. ಮಾವನೂ ಸಾಮಾನ್ಯದವರಲ್ಲ, ನೆಂಟಸ್ತಿಕೆಗೆ ಬೇರೆ ಕಡೆಯಿಂದಲೂ ಕೇಳುತ್ತಿದ್ದಾರೆ ಎಂದು ಮೆಟ್ಟಿಲಿಳಿಯುವಾಗ ಹೇಳಿ ಹೋದರು.

ಅಣ್ಣ ಈಗ ದಿನಕ್ಕೊಮ್ಮೆ ಪಕ್ಕದ ಮನೆಗೆ ಫೋನ್ ಮಾಡತೊಡಗಿದ. ಗೆಳೆಯ ನನ್ನನ್ನು ಉಮ್ಮನ ಎದುರು ನಿಲ್ಲಿಸಿ, “ಇವನು ಇಂಥದ್ದನ್ನೆಲ್ಲ ಕೇಳಿ ಬರೆಯುವವನು, ಇವನ ಹತ್ತಿರ ಕೇಳಿ ಬೇಕಾದರೆ” ಎಂದ. ನಾನು ಗಂಟಲು ಸರಿಮಾಡಿಕೊಂಡು, ಇಂಡೀ ಬ್ಯಾಂಡುಗಳಲ್ಲಿ ನಗುವನ್ನೂ ವಾದ್ಯದಂತೆ ಬಳಸುವ ಕ್ರಮ ಉಂಟು ಎಂದು ಶುರುಮಾಡಿದೆ.

“ನೀನು ಸುಮ್ಮನಿರು ಮಗ. ಕುಕ್ಕರನ್ನು ಕಾರ್ಖಾನೆ ಅಂದವನು ನೀನು.”

ಮುಖಕ್ಕೆ ಮಂಗಳಾರತಿಯಾದ ಮೇಲೆ ಉಳಿದ ದಾರಿ ಒಂದೇ, ಅಸಲಿ ಕ್ಯಾಸೆಟ್ಟು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕ್ಯಾಸೆಟ್ ಅಂಗಡಿಯಿತ್ತು. ಸಿನಿಮಾ, ಯಕ್ಷಗಾನ, ಭಜನೆ, ದಫ್ ಹಾಡು ಎಲ್ಲ ಮುಗಿದ ಮೇಲೆ ತೀರಾ ಕೆಳಗಿನ ಸಾಲಿನಲ್ಲಿ, ಜೇಡರ ಬಲೆಯ ಹತ್ತಿರ, ಇಂಗ್ಲಿಷ್. ನಮ್ಮ ಬ್ಯಾಂಡಿನ ಹೆಸರು ಕೇಳಿ ಅಂಗಡಿಯವರು, “ಹಾಗೆ ಒಂದು ಹೆಸರು ಉಂಟಾ ಮಾರಾಯ?” ಎಂದರು. ಆದರೂ ಬೊಂಬಾಯಿಗೆ ಹೇಳಿ ತರಿಸಿದರು. ಅಷ್ಟರಲ್ಲಿ ಪುತ್ತಿಗೆಯ ಮಾವ ಇನ್ನೊಮ್ಮೆ ಬಂದು, ಈ ಶುಕ್ರವಾರದ ಒಳಗೆ ಹೌದೋ ಅಲ್ಲವೋ ಹೇಳಬೇಕು ಎಂದು ಹೋಗಿದ್ದರು. ಕ್ಯಾಸೆಟ್ಟು ಬಂದದ್ದು ಗುರುವಾರ.

ನಾವು ಕೇಳಿ ಬಂದು ಹೇಳುತ್ತೇವೆ ಎಂದರೆ ಉಮ್ಮ ಒಪ್ಪಲಿಲ್ಲ. “ನಿಮ್ಮ ಕಿವಿ ನನಗೆ ಬೇಡ. ನನ್ನದು ಉಂಟು.” ಮನೆಯ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ಬುರ್ಖಾ ಹಾಕಿ, ನಮ್ಮೊಡನೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವರು ಮಾತಾಡದಿದ್ದದ್ದು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು. ಗೆಳೆಯ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದ.

ಅಂಗಡಿಯವರು ಸ್ಟೂಲು ಕೊಟ್ಟರು. ಸ್ಪೀಕರು ಇದ್ದದ್ದು ರಸ್ತೆಯ ಕಡೆಗೆ. ಎರಡನೆಯ ಬದಿ ಶುರುವಾದಾಗ ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಯಾರಿಗೆ ಎಂತ ಆಯಿತು ಎಂದು ಕೇಳಿದಳು. “ಟೆಸ್ಟಿಂಗ್” ಎಂದರು ಅಂಗಡಿಯವರು. ಉಮ್ಮ ಕಣ್ಣು ಮುಚ್ಚಿ, ಬ್ಯಾಗನ್ನು ಎದೆಗೆ ಒತ್ತಿ ಕೂತಿದ್ದರು. ಡ್ರಮ್ ನಿಂತಿತು. ಗಿಟಾರ್ ನಿಂತಿತು.

ಅವಳು ಕಿಲಕಿಲ ನಕ್ಕಳು.

ಬೆನ್ನಿಗೆ ಏನೂ ಬರಲಿಲ್ಲ. ಬರೀ ಟೇಪಿನ ಸುಯ್ ಸದ್ದು, ಆಮೇಲೆ ಮುಂದಿನ ಹಾಡು.

“ಇನ್ನೊಮ್ಮೆ” ಎಂದರು ಉಮ್ಮ. ಇನ್ನೊಮ್ಮೆಯೂ ಅವಳೇ ನಕ್ಕಳು, ಯಾರೂ ಕೆಮ್ಮಲಿಲ್ಲ. ಉಮ್ಮ ಅಲ್ಹಮ್ದುಲಿಲ್ಲಾ ಎಂದು ಕಣ್ಣೊರೆಸಿಕೊಂಡರು. ಗೆಳೆಯ ಆಗಲೇ ಫೋನ್ ಬೂತಿನ ಕಡೆ ಓಡಿದ್ದ. ಅಂಗಡಿಯವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ವ್ಯಾಪಾರಸ್ಥರಲ್ಲವೇ, “ಹೇಗುಂಟು ಬ್ಯಾಂಡು, ಒಳ್ಳೆಯದುಂಟಾ?” ಎಂದು ಕೇಳಿದರು.

“ಅಡ್ಡಿಯಿಲ್ಲ” ಎಂದರು ಉಮ್ಮ. “ಆದರೆ ನಮ್ಮಲ್ಲಿ ಉಂಟಲ್ಲ, ಅದು ಇದಕ್ಕಿಂತ ಒಳ್ಳೆಯದು. ಇದರಲ್ಲಿ ಕೆಮ್ಮುವವರು ಯಾರೂ ಇಲ್ಲ.”

ಗೋಡೆಪತ್ರಿಕೆಗೆ ನಾನು ಆ ತಿಂಗಳು ಬರೆದ ವಿಮರ್ಶೆಯ ಕೊನೆಯ ಸಾಲು ಅದೇ. ಯಾರ ಮಾತು ಎಂದು ಬರೆಯಲಿಲ್ಲ. ಕೊಡೆ ಕಳಕೊಂಡವನೊಬ್ಬ ಮೊದಲ ಸಲ ಬಂದು, ಚೆನ್ನಾಗಿದೆ ಎಂದು ನನ್ನ ಕೈ ಕುಲುಕಿದ.

ಮದುವೆಯಾಯಿತು. ಎರಡು ಸಾವಿರನೆಯ ಇಸವಿಯ ನಂತರ ಅಣ್ಣ ಒಂದು ರಜೆಯಲ್ಲಿ ಬಂದಾಗ ಸಿಡಿ ಪ್ಲೇಯರ್ ತಂದ, ಜೊತೆಗೆ ಅದೇ ಆಲ್ಬಮಿನ ಸಿಡಿ. ನನಗೂ ಬರಲು ಹೇಳಿದರು. ಜಗಲಿಯಲ್ಲಿ ಎಲ್ಲರೂ ಕೂತು ಕೇಳಿದೆವು. ಧ್ವನಿ ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಆ ಜಾಗ ಬಂತು, ಅವಳು ನಕ್ಕಳು. ಉಮ್ಮ, ಗೆಳೆಯ, ನಾನು, ಪುತ್ತಿಗೆಯ ಅತ್ತಿಗೆ, ನಾಲ್ವರೂ ಅಣ್ಣನ ಮುಖ ನೋಡಿದೆವು.

“ಕೆಮ್ಮು” ಎಂದರು ಉಮ್ಮ.

“ಎಂತಕ್ಕೆ?”

“ಕೆಮ್ಮು ಅಂದೆ.”

ಅಣ್ಣ ಕಕ್ಕಾಬಿಕ್ಕಿಯಾಗಿ ಎರಡು ಸಲ ಕೆಮ್ಮಿ, ತಾನಾಗಿಯೇ ಮೂಗು ಎಳೆದ. ಅತ್ತಿಗೆಗೆ ತಡೆಯಲಾಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಲಕಿಲ ನಕ್ಕಳು. ಉಮ್ಮ ಬೀಡಿಯ ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡು, “ಹಾಂ, ಈಗ ಸರಿಯಾಯಿತು” ಎಂದರು.