ನಮ್ಮ ಓಣಿಯಲ್ಲಿ ಓಟಾಯಿತು

ಶಲವಡಿ ಕಡೆಯ ನಮ್ಮ ಹಳ್ಳಿಯಲ್ಲಿ ಪಂಚಾಯ್ತಿ ಚುನಾವಣೆ ಬಂದಾಗಲೆಲ್ಲ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿ, ನಮ್ಮ ಓಣಿಯಿಂದ ಇಂಥವರು ಅಂತ ಹೇಳಿ ಏಳುತ್ತಿದ್ದರು. ಎದುರಿಗೆ ಯಾರೂ ನಿಲ್ಲುವಂತಿರಲಿಲ್ಲ. ಅವಿರೋಧ ಆಯ್ಕೆ, ಊರಲ್ಲಿ ಜಗಳವೇ ಇಲ್ಲ ಅಂತ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಓಟೇ ಇಲ್ಲದ ಮೇಲೆ ಜಗಳ ಎಲ್ಲಿಂದ ಬರಬೇಕು? ಕಟ್ಟೆಗೆ ಹೆಂಗಸರನ್ನು ಕರೆಯುವ ರೂಢಿಯಂತೂ ಇರಲೇ ಇಲ್ಲ.

ಕಳೆದ ಸಲ ಸೀಟು ಹೆಂಗಸರಿಗೆ ಬಂತು. ಆಗಲೂ ಗಂಡಸರೇ ಕೂತು, ಮೂಲೆಮನೆಯ ಸೊಸೆ ಅಂತ ತೀರ್ಮಾನಿಸಿ ಬಂದರು. ಆ ಹುಡುಗಿಯನ್ನೂ ಒಂದು ಮಾತು ಕೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ರೊಟ್ಟಿ ಬಡಿಯುತ್ತಿದ್ದ ನನ್ನ ಅತ್ತೆ ಕೈ ನಿಲ್ಲಿಸಿದರು.

"ಮದವಿ ಆಗಿ ಬಂದಾಗಿಂದ ಪಂಚಾಯ್ತಿಗೆ ಒಂದ ಓಟ್ ಹಾಕಿಲ್ಲ ನಾ. ನಾ ನಿಂತ್ರ ಓಟ್ ಆಗತೈತೇನ?"

"ಆಗ್ಲೇಬೇಕ್ರಿ, ಅತ್ತಿ."

"ಹಂಗಾರ ನಡಿ, ಹೋಗೂಣು."

ಗೆಲ್ಲುವ ಆಸೆ ಅವರಿಗೆ ಇರಲಿಲ್ಲ. ಓಣಿಯಲ್ಲಿ ಓಟಾಗಬೇಕು, ಅಷ್ಟೇ ಹಟ.

ನಾಮಪತ್ರ ಕೊಟ್ಟು ಬಂದದ್ದೇ ತಡ, ಹಿರಿಯರು ಮಾವನ ತಲೆ ತಿಂದರು, ಮಾವ ಅತ್ತೆಯ ತಲೆ ತಿಂದರು. ವಾಪಸ್ ಪಡೆಯುವ ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ಅತ್ತೆ ಕೈಗೆ ಸಿಕ್ಕಿದ್ದರೆ ಹೆಬ್ಬೆಟ್ಟು ಒತ್ತಿಸಿಯೇ ಬಿಡುತ್ತಿದ್ದರು. ಅತ್ತೆಯೋ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು, ಮೊರಬದಲ್ಲಿದ್ದ ತಂಗಿಯ ಹೊಲಕ್ಕೆ ಹತ್ತಿ ಬಿಡಿಸಲು ಹೋಗಿಬಿಟ್ಟಿದ್ದರು. ಕಟ್ಟೆಯ ದೊಡ್ಡ ಹಿರಿಯರು ನಮ್ಮ ಬಾಗಿಲಿಗೆ ಬಂದರು.

"ಎಲ್ಲಿದ್ದಾಳ ನಿಮ್ಮತ್ತಿ?"

"ಹೊಲಕ್ಕ ಹೋಗ್ಯಾರ್ರಿ."

"ಯಾವ ಹೊಲ?"

"ಅತ್ತಿ ಆದಾರು ಸೊಸಿಗೆ ಹೇಳಿ ಹೋಗ್ತಾರೇನ್ರಿ, ಕಾಕಾ?" ಅಂದೆ. ನಗು ತಡೆಯಲು ಸೆರಗು ಕಚ್ಚಿಕೊಳ್ಳಬೇಕಾಯಿತು. ಅವರು ಟ್ರ್ಯಾಕ್ಟರ್ ಹತ್ತಿ ನಮ್ಮ ಹೊಲವನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ಮೂರು ಹೊಡೆದಿತ್ತು.

ಓಟಾಯಿತು. ಓಣಿಯ ಹೆಂಗಸರೆಲ್ಲ ಇಳಕಲ್ ಸೀರೆ ಉಟ್ಟು, ಒಲೆ ಆರಿಸಿ, ಶಾಲೆಯ ಮುಂದೆ ಸಾಲು ಹಚ್ಚಿದರು. ಬಿಸಿಲೇರಿದರೂ ಯಾರೂ ಕದಲಲಿಲ್ಲ. ಅವರನ್ನು ನೋಡಿ ನನಗೆ ಅಳುವೇ ಬಂತು, ಖುಷಿಯ ಅಳು. ಮತಪೆಟ್ಟಿಗೆಗೆ ಚೀಟಿ ಹಾಕಿ ಹೊರಬಂದ ಅತ್ತೆ, ಮಸಿ ಹಚ್ಚಿದ ಬೆರಳನ್ನು ಮಾವನ ಮೂಗಿನ ಮುಂದೆ ಹಿಡಿದು ನಿಂತರು. ಮಾವನೂ ನಕ್ಕುಬಿಟ್ಟರು.

ಅಣ್ಣಿಗೇರಿಯಲ್ಲಿ ಎಣಿಕೆ ಮುಗಿದು ಅತ್ತೆ ಗೆದ್ದ ಸುದ್ದಿ ಬಂದ ಸಂಜೆ, ಗುಡಿಯ ಮುಂದೆಲ್ಲ ಗುಲಾಲು ಹಾರಿತು. ಸೋತಿದ್ದ ಮೂಲೆಮನೆಯ ಸೊಸೆಯೂ ಬಂದು ಅತ್ತೆಯ ಕೆನ್ನೆಗೆ ಗುಲಾಲು ಹಚ್ಚಿದಳು. ಅವಳ ಗಂಡ ರೇಗಿದ.

"ಸೋತಾಕಿಗೆ ಎಂಥಾ ಗುಲಾಲ? ನಡಿ ಮನಿಗೆ."

ಅವಳು ಜಾಗ ಬಿಟ್ಟು ಕದಲಲಿಲ್ಲ. ಕಟ್ಟೆಯ ಮೇಲಿನ ಹಿರಿಯರಿಗೂ ಕೇಳುವ ಹಾಗೆ ಅಂದಳು:

"ನಾ ಎಲ್ಲಿ ಸೋತೀನಿ? ನನ್ನ ಓಟೂ ಇವರಿಗೇ ಹಾಕೀನಿ."